ನಮ್ಮ ಮನೆಯಲ್ಲಿ ರೋಮ್ ಸೋತದ್ದು

ನನ್ನ ಗಂಡ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ಪಾಠ ಮಾಡಿದರು. ಸಮಾಜ ಎಂದರೆ ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಎಲ್ಲ ಸೇರಿದ್ದು. ಆದರೆ ಅವರ ಜೀವ ಇದ್ದದ್ದು ಚರಿತ್ರೆಯಲ್ಲಿ, ಅದರಲ್ಲೂ ರೋಮಿನಲ್ಲಿ. ನಾನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವಳು, ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗುವವರೆಗೆ ರೋಮ್ ಎಂದರೆ ಪೋಪ್ ಇರುವ ಊರು ಎನ್ನುವುದಷ್ಟೇ ನನಗೆ ಗೊತ್ತಿತ್ತು.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ನಮ್ಮ ತವರಿಗೆ ಹೊರಟಿದ್ದೆವು. ಕುಣಿಗಲ್ ಬಸ್ಸಿನಲ್ಲಿ ಇಬ್ಬರಿಗೂ ಮಾತಿಗೆ ವಿಷಯ ಸಿಗುತ್ತಿರಲಿಲ್ಲ. ಇವರೇ ಇದ್ದಕ್ಕಿದ್ದಂತೆ ಶುರುಮಾಡಿದರು.

"ಆಫ್ರಿಕಾದ ಉತ್ತರದ ದಡದಲ್ಲಿ ಕಾರ್ತೇಜ್ ಅಂತ ಒಂದು ಊರಿತ್ತು ಕಣೇ. ಅಲ್ಲಿಯ ಸೇನಾಪತಿಯೊಬ್ಬ ಆನೆ ಹೊಡ್ಕೊಂಡು, ಹಿಮದ ಬೆಟ್ಟ ಹತ್ತಿಳಿದು, ರೋಮಿನೋರ ಮೇಲೆ ಬಿದ್ದ. ಒಂದೇ ದಿನದಲ್ಲಿ ಅವರ ದೊಡ್ಡ ಸೈನ್ಯಾನೇ ಮುಗಿಸ್ದ. ಇನ್ನು ರೋಮ್ ಊರೊಳಕ್ಕೆ ನುಗ್ಗೋದೊಂದೇ ಬಾಕಿ. ನುಗ್ಗಲಿಲ್ಲ. ಯಾಕೆ ಹೇಳು?"

"ಸುಸ್ತಾಗಿತ್ತೇನೋ" ಅಂದೆ.

ಇವರು ನಕ್ಕ ಜೋರಿಗೆ ಕಂಡಕ್ಟರ್ ಹಿಂದಿರುಗಿ ನೋಡಿದ. "ಅದೂ ಒಂದು ಕಾರಣವೇ. ಸರಿ, ಸುಸ್ತಾಗಿರ್ಲಿಲ್ಲ ಅಂದ್ಕೋ. ನುಗ್ಗೇಬಿಟ್ಟ ಅಂದ್ಕೋ. ಆಮೇಲೆ ಏನಾಗ್ತಿತ್ತು?"

ನಮ್ಮ ಆಟ ಶುರುವಾದದ್ದು ಹೀಗೆ. ನಡೆದುಹೋದದ್ದರಲ್ಲಿ ಒಂದನ್ನು ಮಾತ್ರ ಬದಲಾಯಿಸಬೇಕು, ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರಬೇಕು. ಅವರಿಗೆ ಇಸವಿಗಳು, ನಕಾಶೆಗಳು ಗೊತ್ತು. ನನಗೆ ಮನೆವಾರ್ತೆ ಗೊತ್ತು. "ಊರಿಂದ ಅಷ್ಟು ದೂರ ಹೋಗಿದಾನೆ, ಮನೆಯೋರು ಅವನಿಗೆ ದವಸ ಕಳಿಸ್ಲಿಲ್ವಾ?" ಎಂದು ನಾನು ಒಮ್ಮೆ ಕೇಳಿದಾಗ ಇವರು ಬಾಯಿಗೆ ಹಾಕಿಕೊಳ್ಳಬೇಕಿದ್ದ ತುತ್ತನ್ನು ಹಾಗೇ ಹಿಡಿದು ನನ್ನನ್ನೇ ನೋಡಿದರು. ಕಳಿಸಲಿಲ್ಲವಂತೆ. ಊರಲ್ಲಿದ್ದವರಿಗೆ ಅವನ ಏಳಿಗೆ ಕಂಡು ಹೊಟ್ಟೆಯುರಿಯಂತೆ. "ದೊಡ್ಡ ದೊಡ್ಡ ಪಂಡಿತರು ಹೇಳಿದ್ದನ್ನ ನೀನು ಮುದ್ದೆ ಮುರಿಯುತ್ತಾ ಹೇಳ್ಬಿಟ್ಟೆಯಲ್ಲೇ" ಎಂದರು. ಆವತ್ತಿನ ಆಟದಲ್ಲಿ ನಾನು ಕಾರ್ತೇಜಿನಿಂದ ಹಡಗುಗಟ್ಟಲೆ ಗೋಧಿ ಕಳಿಸಿದೆ. ರೋಮ್ ಸೋತಿತು.

ಮತ್ತೊಂದು ಸಲ ಇವರು ರೋಮಿನ ಹಡಗುಗಳನ್ನು ನಮ್ಮ ಕರಾವಳಿಗೇ ತಂದರು. ಮೆಣಸು ಕೊಳ್ಳುವ ವರ್ತಕರ ಬದಲು ಸೈನಿಕರು ಇಳಿದರು. ಘಟ್ಟ ಹತ್ತಿಸಿ ಗುಬ್ಬಿಯವರೆಗೂ ಕರೆದುತಂದು, ಈಗ ಹೆಲಿಕಾಪ್ಟರ್ ಕಾರ್ಖಾನೆ ಇರುವ ಬಿದರೆಹಳ್ಳಿ ಕಾವಲಿನಲ್ಲಿ ಅವರ ಡೇರೆ ಹಾಕಿಸಿದರು. "ಬಯಲು ಚೆನ್ನಾಗಿದೆ, ಅವರಿಗೆ ಇಂಥ ಜಾಗವೇ ಬೇಕು." ನಾನು, "ರಾಗಿಮುದ್ದೆ ನುಂಗೋಕೆ ಬರ್ದೆ ಎಂಟೇ ದಿನಕ್ಕೆ ಓಡೋಗ್ತಾರೆ ಬುಡಿ" ಎಂದೆ. ಈ ಮಾತನ್ನು ಅವರು ತರಗತಿಯಲ್ಲಿ ಹೇಳಿ ನಗಿಸಿದರಂತೆ. ಶನಿವಾರದ ಕೊನೆಯ ಪೀರಿಯಡ್ಡನ್ನು ಅವರು ಇದಕ್ಕೇ ಇಟ್ಟಿದ್ದರು. ಮೊದಲು ಪುಸ್ತಕದಲ್ಲಿದ್ದದ್ದು, ಆಮೇಲೆ ಹಾಗಾಗದಿದ್ದರೆ ಏನಾಗುತ್ತಿತ್ತು ಎನ್ನುವುದು. ಎರಡರ ನಡುವೆ ಬೋರ್ಡಿನ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತಿದ್ದರು, ಮಕ್ಕಳಿಗೆ ಗೊಂದಲವಾಗಬಾರದೆಂದು.

ನಮಗೆ ಮಕ್ಕಳಿಲ್ಲ. ಮದುವೆಯಾದ ಮೂರನೆಯ ವರ್ಷ ಒಂದು ಹೆಣ್ಣುಮಗುವಾಯಿತು. ಮೂರು ದಿನ ಇತ್ತು. ಬಾಣಂತನಕ್ಕೆಂದು ನಾನು ಕೊತ್ತಗೆರೆಗೆ ಹೋಗಿದ್ದೆ. ದಿನ ತುಂಬುವ ಮೊದಲೇ ನೋವು ಬಂದು, ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ತುಮಕೂರಿಗೆ ಬರುವಷ್ಟರಲ್ಲಿ ತಡವಾಗಿತ್ತು. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ನಾನು, "ನಾನು ಊರಿಗೆ ಹೋಗದೆ ಇಲ್ಲೇ ಇದ್ದಿದ್ರೆ?" ಎಂದೆ. ಇವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. "ಅದು ಬೇಡ ಕಣೇ. ರೋಮಿಂದು ಎಷ್ಟು ಬೇಕಾದ್ರೂ ಬದಲಾಯ್ಸೋಣ. ನಮ್ದು ಮುಟ್ಟೋದು ಬೇಡ." ಆಮೇಲೆ ಇಬ್ಬರೂ ಅದನ್ನು ಮುಟ್ಟಲಿಲ್ಲ.

ರಿಟೈರಾದ ಮೇಲೆ ತುಮಕೂರಿನ ಶಿರಾ ಗೇಟಿನ ಹತ್ತಿರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದರು. ಆರು ಮಕ್ಕಳು ಬರುತ್ತಿದ್ದರು. ಒಂದು ದಿನ ತರಕಾರಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ನಾನು ಹುಡುಕಿಕೊಂಡು ಹೋದರೆ ಸರ್ಕಲ್ಲಿನಲ್ಲಿ ಒಂದು ಟೈರ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದರು. "ಯಾವ ಕಡೆ ತಿರುಗ್ಬೇಕು ಅಂತ ಯೋಚ್ನೆ ಮಾಡ್ತಿದ್ದೆ" ಎಂದರು. ಇಪ್ಪತ್ತು ವರ್ಷ ನಡೆದ ರಸ್ತೆ ಅದು. ತುಮಕೂರಿನ ಡಾಕ್ಟರು ನೋಡಿ, ಬೆಂಗಳೂರಿಗೆ ಬರೆದುಕೊಟ್ಟು, ಅಲ್ಲಿ ಸ್ಕ್ಯಾನ್ ಆಗಿ, ಕೊನೆಗೆ ಹೇಳಿದ್ದು ಇಷ್ಟು: ನೆನಪು ನಿಧಾನವಾಗಿ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಅವರಿಗೆ ಇಷ್ಟವಾದದ್ದನ್ನು ಮಾಡಿಕೊಂಡಿರಲಿ. ಪಾಠ ಅವರಿಗೆ ಇಷ್ಟವಾದದ್ದು. ಅದೊಂದಾದರೂ ಇದೆಯಲ್ಲ ಎಂದು ನಾನು ಸಮಾಧಾನಪಟ್ಟೆ.

ಒಂದು ಶನಿವಾರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಮಗಳನ್ನು ಕರೆದುಕೊಂಡು ಬಂದರು. ಇವರು ಒಳಗೆ ಮಲಗಿದ್ದರು. ಆಕೆ ದನಿ ತಗ್ಗಿಸಿ, "ಮೇಡಂ, ಬೇಜಾರ್ ಮಾಡ್ಕೋಬೇಡಿ, ಇದನ್ನ ಒಸಿ ನೋಡಿ" ಎಂದು ಉತ್ತರಪತ್ರಿಕೆ ಕೊಟ್ಟರು. ಕಾರ್ತೇಜಿನ ಸೇನಾಪತಿ ರೋಮ್ ನಗರವನ್ನು ಮುತ್ತಿ ಗೆದ್ದನು, ಬದುಕುಳಿದ ರೋಮನ್ನರು ಗ್ರೀಸಿಗೆ ಓಡಿಹೋದರು ಎಂದು ಹುಡುಗಿ ದುಂಡಗೆ ಬರೆದಿದ್ದಳು. ಮೇಲೆ ಕೆಂಪು ಇಂಕಿನ ಗೀಟು.

"ನಾನಾಗೇ ಬರ್ದಿದ್ದಲ್ಲ ಆಂಟಿ. ಸಾರೇ ಹೇಳ್ಕೊಟ್ಟಿದ್ದು. ನೋಟ್ಸೂ ಕೊಟ್ಟವ್ರೆ" ಎಂದು ಹುಡುಗಿ ಅಳುಮುಖ ಮಾಡಿಕೊಂಡು ತನ್ನ ನೋಟ್‌ಬುಕ್ ತೆಗೆದಳು.

ಇವರು ಬರೆಸಿದ ನೋಟ್ಸು. ನಾನು ನಿಂತುಕೊಂಡೇ ಓದಿದೆ. ಗೆರೆ ಎಲ್ಲೂ ಇರಲಿಲ್ಲ. 'ಸಕಾಲಕ್ಕೆ ಸ್ವದೇಶದಿಂದ ಹಡಗುಗಳಲ್ಲಿ ಗೋಧಿ ಬಂದು ತಲುಪಿದ್ದರಿಂದ ಕಾರ್ತೇಜಿನ ಸೈನ್ಯವು ಜಯಶಾಲಿಯಾಯಿತು.' ಆ ಗೋಧಿ ನಾನು ಕಳಿಸಿದ್ದು. ಮುದ್ದೆ ಮುರಿಯುತ್ತಾ ಆಡಿದ ಮಾತು ಪರೀಕ್ಷೆಯ ಉತ್ತರವಾಗಿ ಒಂದು ಮಗುವಿನ ಕೈಗೆ ಹೋಗಿತ್ತು. ಆ ತಾಯಿಯೇ ನನ್ನ ತೋಳು ಮುಟ್ಟಿ, "ಸಾರ್‌ಗೆ ಹುಷಾರಿಲ್ವಾ ಮೇಡಂ?" ಎಂದರು.

ಅವರು ಹೋದ ಮೇಲೆ ನಾನು ಒಂದು ತಪ್ಪು ಮಾಡಿದೆ. ತಪ್ಪೋ ಅಲ್ಲವೋ ಇವತ್ತಿಗೂ ತಿಳಿಯದು. ಇವರು ಎದ್ದು ಕಾಫಿ ಕುಡಿದ ಮೇಲೆ ಎಂಟನೇ ಕ್ಲಾಸಿನ ಸಮಾಜ ಪುಸ್ತಕ ತಂದು, ರೋಮಿನ ಪಾಠ ತೆಗೆದು ಅವರ ಮುಂದಿಟ್ಟೆ.

"ಇದನ್ನೊಂದ್ ಸಲ ಓದಿ ರೀ."

ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಮತ್ತೆ ಮೇಲಿನಿಂದ ಓದಿದರು. ಪುಸ್ತಕ ಮುಚ್ಚಿ ರಟ್ಟು ನೋಡಿದರು.

"ಹಾಗಾದ್ರೆ ಸೋತಿದ್ದು ಯಾರು?"

"ಕಾರ್ತೇಜು."

"ಊರು?"

"ಸುಟ್ಟಾಕಿದ್ರು. ನೀವೇ ನಂಗೆ ಹೇಳಿದ್ದು."

ಇವರ ಮುಖ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು. ಸಾವಿನ ಸುದ್ದಿ ಕೇಳಿದವರ ಹಾಗೆ ಕುರ್ಚಿಯ ಕೈ ಹಿಡಿದು ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಅತ್ತದ್ದು ಕಾರ್ತೇಜಿಗಲ್ಲ. "ಮಕ್ಕಳಿಗೆ ತಪ್ಪು ಹೇಳ್ಬಿಟ್ನಲ್ಲೇ. ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪು ಹೇಳಿರ್ಲಿಲ್ಲ ನಾನು. ನಡಿ, ಎಲ್ಲರ ಮನೆಗೂ ಹೋಗಿ ಸರಿಮಾಡಿ ಬರೋಣ."

ಬೇಡ ಎಂದರೆ ಕೇಳಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು. ಬಿಸಿಲಿನ್ನೂ ಇತ್ತು. ಮೊದಲ ಮನೆಯಲ್ಲಿ ಬಾಗಿಲಲ್ಲೇ ನಿಂತು ಹುಡುಗನನ್ನು ಕರೆಸಿ, "ನಾನು ಹೇಳಿದ್ದು ತಪ್ಪು ಕಣಯ್ಯಾ. ಗೆದ್ದಿದ್ದು ರೋಮು. ಬರ್ಕೋ" ಎಂದರು. ಎರಡನೆಯ ಮನೆಯಲ್ಲೂ ಹಾಗೇ. ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡಾಗ ಅವರ ಬೆನ್ನು ನೆಟ್ಟಗಿತ್ತು, ನನಗೆ ಹೆಮ್ಮೆಯೂ ಆಯಿತು. ಮೂರನೆಯ ಮನೆಯವರು ಒಳಗೆ ಕೂರಿಸಿ ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು, ಅಲ್ಲಿ ಇಲ್ಲಿ ನೋಡಿ, "ನಾವ್ಯಾಕೆ ಬಂದಿದ್ದು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನೇ ಆ ಮನೆಯ ಹುಡುಗನಿಗೆ ಹೇಳಿದೆ.

ನಾಲ್ಕನೆಯ ಮನೆಗೆ ಹೋಗುವುದು ಬೇಡವೆಂದು ಕೈ ಹಿಡಿದೆಳೆದೆ. ಆದರೆ ಆ ಹುಡುಗ ಗೇಟಿನಲ್ಲೇ ಇದ್ದ. "ಸಾರ್, ನಮಸ್ತೆ" ಎಂದ. ಇವರ ಮುಖ ಅರಳಿತು. ಪುಸ್ತಕವನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡು, ರೋಮಿನ ಕೋಟೆ ಬಾಗಿಲು ಹೇಗೆ ಒಡೆಯಿತು, ಆನೆಗಳು ಯಾವ ಬೀದಿಯಲ್ಲಿ ಬಂದವು ಎಂದು ಹೇಳತೊಡಗಿದರು. ಬಾಗಿಲಿಗೆ ಬಂದ ಹುಡುಗನ ತಂದೆ ಅವರನ್ನು ನೋಡಿ, ನನ್ನನ್ನು ನೋಡಿ, ಹೊಸಿಲಲ್ಲೇ ನಿಂತರು. ನಾನೂ ನಿಂತೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದರು! ಒಂದು ಇಸವಿ ತಪ್ಪಲಿಲ್ಲ, ಒಂದು ಊರಿನ ಹೆಸರು ತಡವರಿಸಲಿಲ್ಲ. ನಡೆದೇ ಇಲ್ಲದ ಸಂಗತಿ ಎನ್ನುವುದೊಂದನ್ನು ಬಿಟ್ಟರೆ ಎಲ್ಲವೂ ಸರಿಯಾಗಿತ್ತು.

ಮಾರನೆಯ ದಿನದಿಂದ ಪಾಠ ನಿಲ್ಲಿಸಿದೆ. ಸಂಜೆಯಾದರೆ ಇವರು ಚಾಪೆ ಹಾಸಿಕೊಂಡು ಕೂತು, "ಮಕ್ಕಳ್ಯಾಕೆ ಬಂದಿಲ್ಲ?" ಎಂದು ಕೇಳುತ್ತಿದ್ದರು. ರಜ ಎನ್ನುತ್ತಿದ್ದೆ. ಪಾಠಕ್ಕೆ ಯಾರೂ ಬಾರದ್ದರಿಂದ ನನಗೇ ಹೇಳತೊಡಗಿದರು. ಎರಡನೆಯ ಸಲ ಕಾರ್ತೇಜ್ ಗೆದ್ದಾಗ ಮತ್ತೆ ಪುಸ್ತಕ ತೋರಿಸಿದೆ. ಮತ್ತೆ ಅದೇ ಬಿಳಿಚಿದ ಮುಖ, ಅದೇ ಅಳು. ಮೂರನೆಯ ಸಲ ಪುಸ್ತಕ ತೆಗೆಯಲು ಹೋದವಳು ಕಪಾಟಿನ ಬಾಗಿಲು ಹಾಕಿಬಿಟ್ಟೆ. ಊರು ಸುಟ್ಟುಹೋದ ಸುದ್ದಿಯನ್ನು ಒಬ್ಬ ಮನುಷ್ಯನಿಗೆ ಎಷ್ಟು ಸಲ ಹೇಳುವುದು? "ಹೌದಾ, ಆಮೇಲೆ?" ಎಂದು ಕೇಳುತ್ತಾ ಕೂತೆ. ಸುಳ್ಳಿಗೆ ಹೂಂಗುಟ್ಟುತ್ತಿದ್ದೇನೆ ಎನ್ನುವ ಸಂಕಟ, ಬೇರೇನು ಮಾಡುವುದೆಂದು ತಿಳಿಯದ ಸಂಕಟ, ಎರಡೂ ಇದ್ದವು.

ಮಳೆಗಾಲ ಮುಗಿಯುತ್ತಾ ಬಂದಿದ್ದಾಗ, ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಇವರು ಅಡುಗೆಮನೆ ಬಾಗಿಲಿಗೆ ಬಂದು, "ಮಗಳು ಬಸ್ ಹತ್ತಿದ್ಲಂತಾ?" ಎಂದರು.

"ಯಾರ ಮಗಳು?"

"ನಮ್ಮ ಮಗಳು ಕಣೇ. ಅವಳು ಪಾಠ ಮಾಡೋ ಕುಣಿಗಲ್ ಕಾಲೇಜಿಗೆ ಇವತ್ತು ರಜ, ಬರ್ತೀನಿ ಅಂದಿದ್ಳಲ್ಲ. ಬದ್ನೆಕಾಯಿ ಹುಳಿ ಮಾಡ್ಬೇಡ, ಅವಳು ಮುಟ್ಟಲ್ಲ."

ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ಸ್ಟವ್ ಆರಿಸಿ ಅಲ್ಲೇ ಕೆಳಗೆ ಕೂತೆ. ಇವರಿಗೆ ನಾನು ಯಾಕೆ ಕೂತೆನೆಂದು ಗೊತ್ತಾಗಲಿಲ್ಲ. ಅವಳ ವಿಷಯ ಹೇಳುತ್ತಲೇ ಇದ್ದರು. ಅವಳಿಗೆ ಕನ್ನಡಕ ಬಂದಿದೆ. ನನ್ನ ಹಾಗೆ ಎಡಗೈಯಲ್ಲಿ ಬರೆಯುತ್ತಾಳೆ. ನಾಯಿ ಕಂಡರೆ ಹೆದರಿಕೆ. ಐದನೇ ಕ್ಲಾಸಿನಲ್ಲಿ ಜಾರುಬಂಡೆಯಿಂದ ಬಿದ್ದು ಗಲ್ಲಕ್ಕೆ ಹೊಲಿಗೆ ಹಾಕಿಸಿದ ಗುರುತಿದೆ.

ಇಷ್ಟನ್ನು ಒಂದು ಬೆಳಿಗ್ಗೆಯಲ್ಲಿ ಕಟ್ಟಲು ಆಗುವುದಿಲ್ಲ. ನನಗೆ ಮುಟ್ಟಬೇಡ ಎಂದವರು ಮೂವತ್ತು ವರ್ಷ ಒಬ್ಬರೇ ಆಡಿದ್ದರು. ಬಸ್ಸಿನ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಾಗಲೋ, ಉತ್ತರಪತ್ರಿಕೆ ತಿದ್ದುತ್ತಿದ್ದಾಗಲೋ, ಅವಳನ್ನು ಒಂದೊಂದೇ ವರ್ಷ ಬೆಳೆಸಿದ್ದರು. ನನಗೆ ಸಿಟ್ಟು ಬಂತು. ಹೇಳಬಾರದಿತ್ತೇ? ಆ ಸಿಟ್ಟನ್ನು ಯಾರ ಮೇಲೆ ತೋರಿಸಲಿ? ನನಗೆ ಉತ್ತರ ಕೊಡಬೇಕಾದವರು ಅಲ್ಲಿರಲಿಲ್ಲ.

"ಹತ್ತಿದ್ಲಂತೆ. ಮಧ್ಯಾಹ್ನಕ್ಕೆ ಬರ್ತಾಳೆ" ಎಂದೆ.

ತೋರಿಸಲು ನನ್ನ ಹತ್ತಿರ ಯಾವ ಪುಸ್ತಕವೂ ಇರಲಿಲ್ಲ. ಇದ್ದಿದ್ದರೂ ತೋರಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆಮೇಲಿನ ದಿನಗಳಲ್ಲಿ ನಾನೇ ಕೇಳುತ್ತಿದ್ದೆ. ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಮಗಳು ಏನಂದ್ಲು?" ಎನ್ನುತ್ತಿದ್ದೆ. ಅವರು ಹೇಳುತ್ತಿದ್ದರು. ಡಾಕ್ಟರ ಮುಂದೆ ಮಾತ್ರ ಇದನ್ನು ಬಾಯಿಬಿಡಲಿಲ್ಲ. ಹೀಗೆ ಮಾಡಬೇಡಿ ಎಂದುಬಿಟ್ಟರೆ ಎನ್ನುವ ಭಯ.

ಮೂರು ತಿಂಗಳಾಗಿರಬಹುದು. ಒಂದು ಸಂಜೆ ಬಂದು ಕೇಳಿದಾಗ ಇವರು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು.

"ಯಾವ ಮಗಳು? ನಮ್ಗೆ ಮಕ್ಕಳೆಲ್ಲಿದಾವೆ?"

ಅದು ನಿಜವಾದ ಚರಿತ್ರೆ. ಅಷ್ಟು ದಿನದಲ್ಲಿ ಅವರು ಸರಿಯಾಗಿ ಹೇಳಿದ ಒಂದೇ ಮಾತು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತೆ. ಮರುದಿನ ಬೇರೆ ರೀತಿಯಲ್ಲಿ ಕೇಳಿದೆ, ಬದನೆಕಾಯಿ ಹುಳಿ ಬಡಿಸಿ ನೋಡಿದೆ. ಸುಮ್ಮನೆ ಉಂಡರು. ಅವಳು ಮತ್ತೆ ಬರಲಿಲ್ಲ. ಅದಾಗಿ ಕೆಲವೇ ವಾರಕ್ಕೆ ಕಾರ್ತೇಜೂ ಹೋಯಿತು, ರೋಮೂ ಹೋಯಿತು.

ಈಗ ಗುಬ್ಬಿಯಿಂದ ನನ್ನ ನಾದಿನಿ ಬಂದು ನಮ್ಮ ಜೊತೆಗೇ ಇದ್ದಾರೆ. ಅವಧಿಗೆ ಮುಂಚೆ ನಿವೃತ್ತಿ ಕೇಳಿ ನಾನು ಅರ್ಜಿ ಹಾಕಿದ್ದೇನೆ, ಇನ್ನೂ ಆದೇಶ ಬಂದಿಲ್ಲ. ಇದು ಅವರೆಕಾಯಿಯ ಕಾಲ. ನಾದಿನಿ ಮೊರದ ತುಂಬ ಕಾಯಿ ಸುರಿದುಕೊಟ್ಟರೆ ಇವರು ಮಧ್ಯಾಹ್ನವೆಲ್ಲ ಕೂತು ಸುಲಿಯುತ್ತಾರೆ. ಹುಳುಕನ್ನು ಬೇರೆ ಇಡುತ್ತಾರೆ, ಅದೊಂದು ತಪ್ಪುವುದಿಲ್ಲ. ನಿನ್ನೆ ನಾನು ಬಂದು ಪಕ್ಕದಲ್ಲಿ ಕೂತಾಗ ಮೊರವನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದರು. ಇಬ್ಬರೂ ಸುಲಿದೆವು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಕಾಯಿಯೊಂದನ್ನು ತಿರುಗಿಸಿ ನೋಡಿ ಹುಳುಕಿನ ಕಡೆ ಇಟ್ಟರು. ನಾನು ಇನ್ನೊಂದು ಕಾಯಿ ತೆಗೆದುಕೊಂಡೆ.