ಆ ಮನೆಗೆ ಬಾರದ ಕಾಳು

2018ರಲ್ಲಿ ನಾನು ಸೌದಿಯ ಅಲ್ ಖೋಬರ್‌ನ ಖಾಸಗಿ ಆಸ್ಪತ್ರೆಯೊಂದರ ರಕ್ತಪರೀಕ್ಷಾ ವಿಭಾಗದಲ್ಲಿ ಹಿರಿಯ ಟೆಕ್ನಾಲಜಿಸ್ಟ್ ಆಗಿದ್ದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹತ್ತೊಂಬತ್ತು ವರ್ಷ ಕಳೆದಿದ್ದವು. ಇನ್ನು ಹೊಸದೇನೂ ಕಾಣಲಿಕ್ಕಿಲ್ಲ ಎಂಬ ಸೊಕ್ಕೂ ಇತ್ತು.

ಒಂದು ಭಾನುವಾರ ಅಬ್ಕೈಕ್‌ನ ತೈಲ ಘಟಕದ ಇಂಗ್ಲಿಷ್ ಎಂಜಿನಿಯರ್ ಒಬ್ಬರು ದಾಖಲಾದರು. ಎಡ್ವಿನ್ ಎಂದಿಟ್ಟುಕೊಳ್ಳೋಣ, ವಯಸ್ಸು ಐವತ್ತೆಂಟು. ಕಣ್ಣು ಹಳದಿ, ಮೂತ್ರ ಕೋಲಾದ ಬಣ್ಣ. ಹದಿನಾಲ್ಕಿರಬೇಕಾದ ಹಿಮೋಗ್ಲೋಬಿನ್ ಏಳಕ್ಕಿಳಿದಿತ್ತು. ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ನೋಡಿದರೆ ಕೆಂಪುಕಣಗಳು ಕಚ್ಚಿಟ್ಟ ಬಿಸ್ಕತ್ತಿನಂತೆ ಕಂಡವು.

ಅವರನ್ನು ಕರೆತಂದವರು ಥುಕ್ಬಾದಲ್ಲಿ ಹೋಟೆಲಿಟ್ಟಿದ್ದ ಭಟ್ಕಳದ ಇಸ್ಮಾಯಿಲ್. ನಮ್ಮದು ಹಳೆಯ ಪರಿಚಯ. "ಮಾರಾಯ್ತಿ, ಶುಕ್ರವಾರ ನಾನೇ ಒತ್ತಾಯ ಮಾಡಿ ಫೂಲ್ ಬಡಿಸಿದ್ದು. ಬಲದಿಯಾ ಮುನ್ಸಿಪಾಲಿಟಿಯವರು ಬಂದು ನನ್ನ ಹೋಟೆಲ್ ಮುಚ್ಚಿಸ್ತಾರಾ ಎಂತ?" ಎಂದರು.

"ನಿಮ್ಮ ಫೂಲಿಗೆ ಎಂತ ಆಗ್ಲಿಲ್ಲ, ಸುಮ್ಮನೆ ಕೂತ್ಕೊಳ್ಳಿ," ಎಂದೆ. ಆದರೆ ಆ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಫೂಲ್ ಎಂದರೆ ಫಾವಾ ಕಾಳನ್ನು ಬೇಯಿಸಿದ ಅರಬರ ತಿಂಡಿ. ಕೆಂಪುಕಣಗಳನ್ನು ಕಾಯುವ G6PD ಎಂಬ ಎಂಜೈಮ್ ಹುಟ್ಟಿನಿಂದಲೇ ಕಡಿಮೆಯಿರುವವರು ಈ ಕಾಳನ್ನೋ ಕೆಲವು ಮಾತ್ರೆಗಳನ್ನೋ ತಿಂದರೆ ಕಣಗಳು ಒಡೆದುಹೋಗಬಹುದು. ಸೌದಿಯಲ್ಲಿ ಇದು ಹೊಸದಲ್ಲ, ನಮ್ಮ ದೇಶದಲ್ಲೂ ಉಂಟು. ಇಂಗ್ಲಿಷರಲ್ಲಿ ಬಲು ಅಪರೂಪ.

ಪರೀಕ್ಷೆ ಮಾಡಿದೆ. ಫಲಿತಾಂಶ ನಾರ್ಮಲ್! ಒಂದು ಗಂಟೆ ನನ್ನ ಮೇಲೆ ನನಗೇ ನಗು ಬಂತು. ಆಮೇಲೆ ಹೊಳೆಯಿತು: ಎಂಜೈಮ್ ಇಲ್ಲದ ಹಳೆಯ ಕಣಗಳೆಲ್ಲ ಆಗಲೇ ಒಡೆದಿವೆ, ಉಳಿದ ಹೊಸ ಕಣಗಳಲ್ಲಿ ಅದು ತಕ್ಕಮಟ್ಟಿಗೆ ಇರುತ್ತದೆ. ಖಚಿತವಾಗಬೇಕಾದರೆ ಮೂರು ತಿಂಗಳು ಕಾಯಬೇಕು.

ಕಾಯಲು ಸಮಯವಿರಲಿಲ್ಲ. ಇಂಗ್ಲೆಂಡಿನಲ್ಲಿದ್ದ ಎಡ್ವಿನ್‌ರ ಮಗಳಿಗೆ ಆರು ವಾರದಲ್ಲಿ ಹೆರಿಗೆ, ಗಂಡುಮಗು ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿತ್ತು. ಈ ದೋಷ ತಂದೆಯಿಂದ ಪ್ರತಿಯೊಬ್ಬ ಮಗಳಿಗೂ ಹೋಗುತ್ತದೆ, ಅವಳಿಂದ ಅವಳ ಮಗನಿಗೆ ಬರಬಹುದು. ಈ ದೋಷವಿರುವ ಹಸುಗೂಸಿಗೆ ಕಾಮಾಲೆ ಬೇಗ ಏರಬಹುದು, ಅದು ಗಮನಕ್ಕೆ ಬರದಿದ್ದರೆ ಮಿದುಳಿಗೇ ಪೆಟ್ಟು. ರೋಗಿಯನ್ನು ಪ್ರಶ್ನಿಸುವುದು ನನ್ನ ಕೆಲಸವಲ್ಲ, ಆದರೂ ವೈದ್ಯರ ಒಪ್ಪಿಗೆ ಪಡೆದು ವಾರ್ಡಿಗೆ ಹೋದೆ.

"ನಾವು ಅಪ್ಪಟ ಇಂಗ್ಲಿಷರು," ಎಂದರು ಎಡ್ವಿನ್. ತಾಯಿಯ ಅಜ್ಜ ಕೊಡಗಿನಲ್ಲಿ ಕಾಫಿ ತೋಟ ಮಾಡಿ ನೆಲೆಸಿದವನಂತೆ. ಆ ದೊರೆಯ ಹೆಸರನ್ನು ಇವರಿಗೂ ಇಡಲಾಗಿತ್ತು, ಹುಟ್ಟಲಿರುವ ಮಗುವಿಗೂ ಅದೇ ಹೆಸರು ಎಂದು ನಿಶ್ಚಯವಾಗಿತ್ತು. ನಾನು ಕೊಡಗಿನ ಪಕ್ಕದ ಜಿಲ್ಲೆಯವಳೆಂದು ತಿಳಿದು ಖುಷಿಯಿಂದ ಮಾತು ಬೆಳೆಸಿದರು.

"ಊರಲ್ಲಿ ಈ ಕಾಳು ತಿಂದೇ ಇರಲಿಲ್ಲವೇ?" ಎಂದೆ.

"ನಮ್ಮ ಮನೆಗೆ ತರುವಂತೆಯೇ ಇರಲಿಲ್ಲ. ತಾತನ ಕಟ್ಟಪ್ಪಣೆ. ದೊರೆಯ ಕಾಲದ ಶಿಸ್ತು ಅಂದುಕೊಂಡಿದ್ದೆವು."

ತಾತ, ಅಂದರೆ ತಾಯಿಯ ತಂದೆ, ಆ ದೊರೆಯ ಮಗ. ಸೈನ್ಯದಲ್ಲಿ ಮಲೇರಿಯಾ ಮಾತ್ರೆ ನುಂಗಿ ಹಳದಿಯಾಗಿದ್ದನೆಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರಂತೆ. ಕಾಳು, ಮಾತ್ರೆ, ಎರಡೂ! ಈ ದೋಷ ಗಂಡುಮಗನಿಗೆ ಬರುವುದು ತಾಯಿಯಿಂದ ಮಾತ್ರ. "ನಿಮ್ಮ ತಾತನ ತಾಯಿ ಯಾರು? ದಯವಿಟ್ಟು ಕೇಳಿ ನೋಡಿ," ಎಂದೆ. ಅವರ ಮುಖ ಬಿಗಿಯಿತು. "ಅದೆಲ್ಲ ನಮ್ಮ ಮನೆಯ ವಿಚಾರ," ಎಂದರು.

ಮರುದಿನ ಅವರೇ ನನ್ನನ್ನು ಕರೆಸಿದರು. ಎಂಬತ್ತೆರಡು ವರ್ಷದ ತಾಯಿಗೆ ಫೋನ್ ಮಾಡಿದ್ದರು. ಮೊಬೈಲಿನಲ್ಲಿ ಹಳೆಯ ಫೋಟೊವೊಂದಿತ್ತು: ಕುರ್ಚಿಯಲ್ಲಿ ದೊರೆ, ಹೊಸದಾಗಿ ಹಡಗಿಳಿದು ಬಂದ ದೊರೆಸಾನಿ, ಹಿಂದೆ ಮಗುವನ್ನು ಎತ್ತಿಕೊಂಡ ಸೀರೆಯುಟ್ಟ ಹೆಂಗಸು.

"ಮದುವೆಯ ವರ್ಷ ತೆಗೆದದ್ದು. ಮಗುವಿಗೆ, ಅಂದರೆ ತಾತನಿಗೆ, ಆಗಲೇ ಎರಡು ವರ್ಷ," ಎಂದರು ಎಡ್ವಿನ್. "ಇವಳನ್ನು ನಾವು ಆಯಾ ಎನ್ನುತ್ತ ಬಂದೆವು. ಅಮ್ಮನಿಗೆ ಗೊತ್ತಿತ್ತು. ಅರವತ್ತು ವರ್ಷ ಬಾಯಿ ಬಿಡಲಿಲ್ಲ."

ಅಂದೇ ಅವರು ಮಗಳಿಗೆ ಎಲ್ಲವನ್ನೂ ಹೇಳಿದರು. ಮಗು ಹುಟ್ಟಿದ ದಿನವೇ ಪರೀಕ್ಷಿಸಿದರು, ದೋಷವಿತ್ತು. ಕಾಮಾಲೆ ಏರತೊಡಗಿದೊಡನೆ ನೀಲಿ ಬೆಳಕಿನಡಿ ಮಲಗಿಸಿದರು. ಐದನೆಯ ದಿನ ಮಗು ಕ್ಷೇಮವಾಗಿ ಮನೆ ಸೇರಿತು. ಮೂರು ತಿಂಗಳ ನಂತರ ಎಡ್ವಿನ್‌ರ ಪರೀಕ್ಷೆಯೂ ಅದನ್ನೇ ಹೇಳಿತು.

ಫಲಿತಾಂಶದ ಕಾಗದ ಒಯ್ಯಲು ಬಂದಾಗ ಅವರೊಂದು ಪ್ರಶ್ನೆ ಕೇಳಿದರು: "ಫೋಟೊದ ಆ ಹೆಂಗಸಿನ ಹೆಸರು ಏನಿರಬಹುದು? ಅಮ್ಮನಿಗೂ ಗೊತ್ತಿಲ್ಲ. ಮಗುವಿಗೆ ದೊರೆಯ ಹೆಸರು ಬೇಡ, ಅವಳ ನೆನಪಿನ ಹೆಸರು ಇಡಬೇಕು ಎನ್ನುತ್ತಿದ್ದಾಳೆ ಮಗಳು." ಆ ರಕ್ತ ಯಾವ ಊರಿನದು ಎಂದು ಹೇಳಲೂ ನನ್ನ ಪರೀಕ್ಷೆಗೆ ಶಕ್ತಿಯಿರಲಿಲ್ಲ. ಹೆಸರು ಎಲ್ಲಿಂದ ತರಲಿ? ಫಲಿತಾಂಶದ ಕಾಗದವನ್ನು ಅವರ ಕೈಗಿತ್ತೆ.

ರೋಗಿಯ ಕುಟುಂಬದ ವಿಚಾರ ಕೇಳುವಾಗ ಫೋಟೊದಲ್ಲಿ ಕುರ್ಚಿ ಸಿಗದವರ ಬಗ್ಗೆಯೂ ಕೇಳಬೇಕೆಂದು ಕಲಿತದ್ದು ಆಗ. ಲ್ಯಾಬಿನಲ್ಲಿ ಹೆಸರಿಲ್ಲದ ಸ್ಯಾಂಪಲ್ ಬಂದರೆ ಮುಟ್ಟದೆ ಹಿಂದಿರುಗಿಸುವುದು ನಿಯಮ. ಹೆಸರಿಲ್ಲದ ಒಬ್ಬಳನ್ನು ನಂಬಿ ನಾನು ಮುಂದುವರಿದದ್ದು ಅದೊಂದೇ ಸಲ, ಮಗು ಉಳಿಯಿತು.