ಮೂರನೇ ಪೇಪರಿನ ಹಳದಿ ಚೌಕ

ಊಟದ ತಟ್ಟೆ ತೆಗೆದು, ಮೇಜು ಒರೆಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವಷ್ಟರಲ್ಲಿ ಎರಡು ಗಂಟೆಯಾಗುತ್ತದೆ. ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಆ ಹೊತ್ತಿಗೆ ಲಿಫ್ಟ್ ಕೂಡ ಸುಮ್ಮನಿರುತ್ತದೆ. ಮೂರು ವರ್ಷಗಳಿಂದ ಪರೀಕ್ಷೆಯ ದಿನಗಳಲ್ಲಿ ನನ್ನ ಮೇಲ್ವಿಚಾರಣೆ ನಡೆಯುವುದು ಈ ಮೇಜಿನ ಮೇಲೇ.

ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು ನಾನು. ಮೊದಲೆಲ್ಲ ಪರೀಕ್ಷೆ ಎಂದರೆ ಬೆಂಚುಗಳ ಸಾಲಿನ ನಡುವೆ ಮೂರು ಗಂಟೆ ನಡೆಯುವ ಕೆಲಸ. ಕಾಪಿ ಹೊಡೆಯುವವರು ಬೆನ್ನು ನೋಡಿದರೇ ಗೊತ್ತಾಗುತ್ತಿದ್ದರು; ಭುಜ ಸ್ವಲ್ಪ ಗಟ್ಟಿಯಾಗಿರುತ್ತಿತ್ತು. ಈಗ ಆನ್‌ಲೈನ್ ಡಿಗ್ರಿ ಬಂದಿದೆ. ನನ್ನ ಪಾಠಗಳು ರೆಕಾರ್ಡ್ ಆಗಿ ಪೋರ್ಟಲ್‌ನಲ್ಲಿವೆ, ಮಕ್ಕಳು ಲೋಕಲ್ ರೈಲಿನಲ್ಲಿ ನಿಂತುಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರಂತೆ. ಪರೀಕ್ಷೆ ಅವರವರ ಮನೆಯಲ್ಲೇ. ಬರೆಯುತ್ತಿರುವವರನ್ನು ಕ್ಯಾಮೆರಾ ನೋಡುತ್ತದೆ, ಕ್ಯಾಮೆರಾ ಕಂಡದ್ದನ್ನು ಒಂದು ಸಾಫ್ಟ್‌ವೇರ್ ನೋಡುತ್ತದೆ, ಅದಕ್ಕೆ ಅನುಮಾನ ಬಂದದ್ದನ್ನು ಮಾತ್ರ ಮಾರನೆಯ ದಿನ ನಾನು ನೋಡುತ್ತೇನೆ. ಮುಖ ಸಿಕ್ಕಲ್ಲೆಲ್ಲ ಅದು ಹಳದಿ ಚೌಕ ಬರೆಯುತ್ತದೆ. ಕೋಣೆಯಲ್ಲಿ ಎರಡನೇ ಚೌಕ ಬಂದರೆ ನನಗೆ ವರದಿ.

ನನ್ನ ಯಜಮಾನರು ಮಧ್ಯಾಹ್ನದ ನಿದ್ದೆಗೆ ಹೋಗುವಾಗ, ಇವತ್ತು ಯಾರ ಮನೆಯಲ್ಲಿ ಇಣುಕುವ ಕಾರ್ಯಕ್ರಮ ಎಂದು ಕೇಳುತ್ತಾರೆ. ತಮಾಷೆಗೇ ಕೇಳುವುದು. ಆದರೆ ನನಗೆ ಕಾಣುವುದೂ ಅದೇ: ಬಾಗಿಲ ಹಿಂದೆ ತೂಗುಹಾಕಿದ ನೈಟಿ, ಮಡಿಸದ ಹಾಸಿಗೆ, ಪರದೆಯ ಕೆಳಗೆ ಕಾಣುವ ಯಾರದೋ ಪಾದ. ಬಹಳಷ್ಟು ಸಲ ಎರಡನೇ ಮುಖ ಎಂದರೆ ಕ್ಯಾಲೆಂಡರಿನ ಗಣಪತಿ. ಒಮ್ಮೆ ದಿಂಬಿನ ಮೇಲಿನ ಬೆಕ್ಕಿನ ಚಿತ್ರ. ಕಾರಣ ಬರೆದು, ಆಕ್ಷೇಪವಿಲ್ಲ ಎಂದು ಒತ್ತಿ ಮುಂದಕ್ಕೆ ಹೋಗುತ್ತೇನೆ.

ನಾನೀಗ ಹೇಳುತ್ತಿರುವ ಹುಡುಗಿ ಕಾಂದಿವಲಿಯ ಚಾಳೊಂದರ ಒಂದೇ ಕೋಣೆಯ ಮನೆಯಿಂದ ಬರೆಯುತ್ತಿದ್ದಳು. ಬಿ.ಎ. ಕೊನೆಯ ವರ್ಷ. ಹಗಲು ಒಂದು ಕಚೇರಿಯಲ್ಲಿ ಕೆಲಸ. ಡಿಗ್ರಿ ಕೈಗೆ ಬಂದರೆ ನೌಕರಿ ಪಕ್ಕಾ ಮಾಡುತ್ತೇವೆ, ಬರದಿದ್ದರೆ ಇಲ್ಲ ಎಂದಿದ್ದರಂತೆ. ಒಂದೇ ಒಂದು ಪೇಪರ್ ರದ್ದಾದರೂ ಇನ್ನೊಂದು ವರ್ಷ ಕಾಯಬೇಕು. ಅಷ್ಟು ದಿನ ಕಚೇರಿಯವರು ಕಾಯುವುದಿಲ್ಲ.

ಮೊದಲ ಪೇಪರಿನಲ್ಲಿ ಅವಳ ಎಡಕ್ಕೆ, ಸೂರಿಗೆ ಹತ್ತಿರದಲ್ಲಿ, ಎರಡನೇ ಚೌಕ. ನೋಡಿದರೆ ಫೋಟೋ. ಪ್ಲಾಸ್ಟಿಕ್ ಹಾರ, ಕೆಳಗೊಂದು ಸಣ್ಣ ಕೆಂಪು ಬಲ್ಬು. ಎರಡು ವರ್ಷದ ಹಿಂದೆ ತೀರಿಕೊಂಡ ಅವಳ ತಂದೆ, ಕಟ್ಟಡದ ಕೆಲಸದವರು ಎಂದು ಆಮೇಲೆ ತಿಳಿಯಿತು. ಫೋಟೋ ಎಂದು ಬರೆದು ಮುಗಿಸಿದೆ. ಅಷ್ಟರಲ್ಲಿ ಸಾಫ್ಟ್‌ವೇರ್ ಅವಳಿಗೆ ತಾನೇ ಒಂದು ಎಚ್ಚರಿಕೆ ಕಳಿಸಿತ್ತು. ಅವಳು ಅದು ನಮ್ಮ ಅಪ್ಪನ ಫೋಟೋ ಎಂದು ಉತ್ತರ ಬರೆದಿದ್ದಳು. ಅದಕ್ಕೆ ಬಂದ ಮರುತ್ತರವನ್ನು ನಾನು ಎರಡು ಸಲ ಓದಿದೆ: ದಯವಿಟ್ಟು ನಿಮ್ಮ ತಂದೆಯವರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಳ್ಳಿ.

ಎರಡನೇ ಪೇಪರಿಗೆ ಫೋಟೋದ ಮೇಲೆ ಟವೆಲ್ ಹಾಕಿದ್ದರು. ಫ್ಯಾನ್ ಗಾಳಿಗೆ ಟವೆಲ್ ಎದ್ದಾಗಲೆಲ್ಲ ಅರ್ಧ ಮುಖ, ಒಂದು ಕಣ್ಣು. ಚೌಕ ಬರುವುದು, ಹೋಗುವುದು, ಬರುವುದು. ಅದಕ್ಕೂ ಫೋಟೋ ಎಂದೇ ಬರೆದೆ.

ಮೂರನೆಯದರಲ್ಲಿ ಗೋಡೆ ಖಾಲಿ ಇತ್ತು.

ಹಾರವಿಲ್ಲ, ಬಲ್ಬಿಲ್ಲ. ಮೇಲೆ ಒಂದು ಮೊಳೆ, ಅದರ ಕೆಳಗೆ ಫೋಟೋ ಇದ್ದಷ್ಟು ಅಗಲಕ್ಕೆ ಸುಣ್ಣ ಬೆಳ್ಳಗೆ ಉಳಿದಿತ್ತು. ಹುಡುಗಿ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಅವಳ ಹಿಂದೆ ಎರಡನೇ ಚೌಕ ಬಂತು.

ಅದು ಮೊಳೆಯ ಹತ್ತಿರ ಇರಲಿಲ್ಲ. ಅಷ್ಟು ಮೇಲೂ ಇರಲಿಲ್ಲ. ಕೆಳಗೆ, ಕಬ್ಬಿಣದ ಬೀರುವಿನ ಪಕ್ಕದ ಬರೀ ಗೋಡೆಯ ಮೇಲೆ, ಬೀರುವಿನ ಹಿಡಿಕೆಗಿಂತ ಎರಡು ಗೇಣು ಎತ್ತರದಲ್ಲಿ. ಒಬ್ಬ ಮನುಷ್ಯ ಗೋಡೆಗೆ ಒರಗಿ ನಿಂತರೆ ಮುಖ ಬರುವ ಜಾಗ. ಚಿತ್ರ ದೊಡ್ಡದು ಮಾಡಿ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಕಲೆಯಿಲ್ಲ, ನೆರಳಿಲ್ಲ, ಬಿರುಕಿಲ್ಲ. ಚೌಕದೊಳಗೆ ಸುಣ್ಣ. ಪರೀಕ್ಷೆ ಮುಗಿಯುವವರೆಗೂ ಚೌಕ ಅಲ್ಲಾಡಲಿಲ್ಲ. ಹುಡುಗಿ ಸಬ್ಮಿಟ್ ಒತ್ತಿದ ಮೇಲೆ ಹೋಯಿತು.

ಯಜಮಾನರನ್ನು ಎಬ್ಬಿಸಿ ತೋರಿಸೋಣವೆನ್ನಿಸಿತು. ಎಬ್ಬಿಸಲಿಲ್ಲ. ಬೆಳಗ್ಗೆ ಬಿಡಿಸದೆ ಬಿಟ್ಟಿದ್ದ ಬಟಾಣಿ ತಂದುಕೊಂಡು, ಬಿಡಿಸುತ್ತಾ, ಮತ್ತೆ ಮೊದಲಿನಿಂದ ನೋಡಿದೆ. ಹಾಗೇ ಇತ್ತು.

ಯಾರೂ ಇಲ್ಲ ಎಂದು ಬರೆದು ಕಳಿಸಿದೆ. ಪರೀಕ್ಷಾ ವಿಭಾಗದ ಹುಡುಗ ಅರ್ಧ ಗಂಟೆಯೊಳಗೆ ಅದನ್ನು ವಾಪಸ್ ಕಳಿಸಿ ಫೋನ್ ಮಾಡಿದ. ಮರಾಠಿ ಹಿಂದಿ ಬೆರೆಸಿ, ಬಹಳ ಮರ್ಯಾದೆಯಿಂದಲೇ ಹೇಳಿದ: ಮಷೀನಿಗೆ ಕಂಡಿದೆ, ನಿಮಗೆ ಕಂಡಿಲ್ಲ, ಕಾರಣ ಬೇಕು ಮ್ಯಾಡಮ್, ಕಾರಣವಿಲ್ಲದಿದ್ದರೆ ಪೇಪರ್ ರದ್ದು. ಗೋಡೆಯ ಕಲೆ ಅಂತ ಬರೆದುಬಿಡಿ ಎಂದೂ ಸೂಚಿಸಿದ. ಕಲೆ ಇರಲಿಲ್ಲವಲ್ಲ. ಇಷ್ಟು ವರ್ಷ ಪರೀಕ್ಷೆಯ ಕಾಗದದ ಮೇಲೆ ಇಲ್ಲದ್ದನ್ನು ಬರೆದವಳಲ್ಲ ನಾನು.

ತೀರ್ಮಾನಕ್ಕೆ ಮೊದಲು ಒಂದು ಸಲ ವಿಡಿಯೋದಲ್ಲಿ ಮಾತಾಡಿಸಲು ನಿಯಮದಲ್ಲಿ ಅವಕಾಶವಿದೆ. ಮಾರನೆಯ ಮಧ್ಯಾಹ್ನ ಕರೆ ಮಾಡಿದೆ. ಹುಡುಗಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. ಹಿಂದಿಯಲ್ಲಿ ಶುರು ಮಾಡಿ, ನಾನು ಕನ್ನಡದವಳೆಂದು ತಿಳಿದು, ಹುಡುಕಿ ಹುಡುಕಿ ಕನ್ನಡಕ್ಕೆ ಬಂದಳು. ಫೋಟೋವನ್ನು ಪಕ್ಕದ ಮನೆಯಲ್ಲಿಟ್ಟಿದ್ದರಂತೆ, ಬಾಗಿಲಿಗೆ ಚಿಲಕ ಹಾಕಿದ್ದರಂತೆ, ಒಳಗೆ ತಾನೊಬ್ಬಳೇ ಇದ್ದಳಂತೆ. ತಾಯಿ ಅವಳ ಪಕ್ಕ ಬಂದು ಕೂತರು, ತಲೆಯ ಮೇಲೆ ಸೆರಗು.

“ಅಕ್ಕೋರ, ನಿಮ್ಮ ಮಿಷಿನ್ನಿಗೆ ಅವರು ಕಾಣಾಕ್ಹತ್ತಾರೇನ್ರಿ?”

ಏನೋ ಕಂಡಿದೆಯಂತಮ್ಮ, ನನಗೆ ಕಾಣಲಿಲ್ಲ ಎಂದೆ. ಅವರು ಹೆದರಲಿಲ್ಲ. ಊರಿಂದ ಬಂದವರ ಸುದ್ದಿ ವಿಚಾರಿಸುವ ದನಿಯಲ್ಲಿ ಕೇಳಿದರು.

“ಯಾ ಕಡೆ ನೋಡಾಕ್ಹತ್ತಾರ್ರಿ?”

ವರದಿಯಲ್ಲಿ ಅದಕ್ಕೊಂದು ಸಾಲು ಇರುತ್ತದೆ, ಎರಡನೆಯವರ ನೋಟ ಎಲ್ಲಿತ್ತು ಎಂದು. ಇಷ್ಟು ದಿನ ನಾನು ಅದನ್ನು ಓದುತ್ತಲೇ ಇರಲಿಲ್ಲ. ಓದಿದೆ. ಪೂರ್ತಿ ಹೊತ್ತು ಕ್ಯಾಮೆರಾ ಕಡೆಗೆ. ಅಂದರೆ ನಾನು ಕೂತಿದ್ದ ಕಡೆಗೆ.

“ಈ ಕಡೆ ನೋಡ್ತಿದ್ದಾರೆ ಅಂತಿದೆ. ಪೇಪರ್ ಕಡೆ ಒಂದು ಸಲವೂ ನೋಡಿಲ್ಲ.”

“ನೋಡಿದ್ರೂ ಏನ್ ತಿಳೀತಿತ್ರಿ? ಅವರಿಗೆ ಓದಾಕ ಬರತಿರಲಿಲ್ಲ. ಹೆಬ್ಬಟ್ಟ ಒತ್ತತಿದ್ರು.”

ಆಮೇಲೆ ಎಷ್ಟು ಎತ್ತರದಲ್ಲಿದ್ದರು ಎಂದು ವಿಚಾರಿಸಿದರು. ಹೇಳಿದೆ. ಎದ್ದು ಹೋಗಿ ಬೀರುವಿನ ಪಕ್ಕ ನಿಂತು, ಹಿಡಿಕೆಯಿಂದ ಎರಡು ಗೇಣು ಅಳೆದು, ಅಂಗೈಯನ್ನು ಗೋಡೆಗೆ ಹಚ್ಚಿ ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ಹುಡುಗಿ ತಿರುಗಿ ನೋಡಲಿಲ್ಲ.

ಕರೆ ಮುಗಿದ ಮೇಲೆ ನಿಯಮಗಳನ್ನು ನಿಧಾನವಾಗಿ ಓದಿದೆ. ಕೊನೆಯಲ್ಲಿ ಒಂದು ಸಾಲು ಸಿಕ್ಕಿತು: ಎರಡನೆಯವರು ಪ್ರಶ್ನೆಪತ್ರಿಕೆಯನ್ನು ನೋಡದೆ, ಮಾತಾಡದೆ ಇದ್ದರೆ ಪೇಪರ್ ರದ್ದು ಮಾಡಬೇಕಾಗಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳಿಗೆಂದು ಮಾಡಿದ್ದಿರಬೇಕು. ಆದರೆ ಆ ದಾರಿ ಹಿಡಿಯಬೇಕಾದರೆ ಮೊದಲು ಇನ್ನೊಂದು ಖಾನೆಯಲ್ಲಿ ಗುರುತು ಹಾಕಬೇಕು: ಕೋಣೆಯಲ್ಲಿ ಎರಡನೇ ವ್ಯಕ್ತಿ ಇದ್ದದ್ದನ್ನು ಪರಿಶೀಲಕರು ದೃಢಪಡಿಸುತ್ತಾರೆ.

ಚಹಾ ಮಾಡಿಕೊಂಡೆ. ಅದು ಆರುವವರೆಗೂ ಖಾಲಿ ಗೋಡೆಯನ್ನೇ ನೋಡಿದೆ. ಇಲ್ಲ ಎಂದರೆ ಹುಡುಗಿಯ ವರ್ಷ ಹೋಗುತ್ತದೆ. ಕಲೆ ಎಂದರೆ ಸುಳ್ಳು. ಇದ್ದರು ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗುರುತು ಹಾಕಿದೆ. ಸಂಬಂಧ ಎನ್ನುವಲ್ಲಿ ತಂದೆ ಎಂದು ತುಂಬಿದೆ. ಬಟನ್ ಒತ್ತಿದ ಕೂಡಲೇ ಪರದೆ ಹಸಿರಾಯಿತು. ಯಾರೂ ವಾಪಸ್ ಕಳಿಸಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ಇದ್ದರು ಎನ್ನುವುದಕ್ಕೆ ಆ ವ್ಯವಸ್ಥೆ ಕಾರಣವನ್ನೇ ಕೇಳಲಿಲ್ಲ.

ಫಲಿತಾಂಶದ ದಿನ ಹುಡುಗಿ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದಳು. ಮೊಬೈಲಿನಲ್ಲಿ ಅಂಕಪಟ್ಟಿ ತೆರೆದು, ಅದನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ತಾಯಿ. ಹಿಂದೆ ಫೋಟೋ ಮನೆಗೆ ವಾಪಸ್ ಬಂದಿದೆ, ಹೊಸ ಹಾರ, ಕೆಂಪು ಬಲ್ಬು.

ಸೂರಿನ ಹತ್ತಿರದ ಜಾಗ ಮಾತ್ರ ಖಾಲಿಯಾಗಿಯೇ ಇತ್ತು, ಬರೀ ಬಿಳಿಯ ಗುರುತು. ಫೋಟೋವನ್ನು ಕೆಳಗೆ, ಬೀರುವಿನ ಪಕ್ಕಕ್ಕೆ, ಹಿಡಿಕೆಗಿಂತ ಎರಡು ಗೇಣು ಮೇಲೆ ಹೊಸ ಮೊಳೆ ಹೊಡೆದು ತೂಗುಹಾಕಿದ್ದರು.