ಬೋಗಿಗುಡ್ಡೆಯನ್ನು ಮಾವನ ಕೈಗೆ ಕೊಟ್ಟದ್ದು

೧೯೬೨ರಲ್ಲಿ ನನ್ನನ್ನು ರೇಂಜರ್ ಆಗಿ ಬೆಳ್ತಂಗಡಿಗೆ ಹಾಕಿದರು. ಆ ಕಾಲದಲ್ಲಿ ರಾಜಕೀಯದವರು ರೇಂಜರನ ಕಚೇರಿಗೆ ಬರುವುದು ಎರಡೇ ಕೆಲಸಕ್ಕೆ: ತಮ್ಮವರಿಗೆ ಮರ ಕಡಿಯುವ ಪರ್ಮಿಟ್ ಕೊಡಿಸಲು, ಇಲ್ಲವೇ ನಾವು ಹಿಡಿದ ಮರದ ಗಾಡಿ ಬಿಡಿಸಲು. ಹಾಗಾಗಿ ಶಾಸಕ ತ್ಯಾಂಪಣ್ಣ ರೈಗಳು ಮೊದಲ ಸಲ ಬಂದು ಕುರ್ಚಿ ಎಳೆದುಕೊಂಡಾಗ ಯಾರ ಗಾಡಿಯಪ್ಪಾ ಇದು ಎಂದುಕೊಂಡೆ. ಅವರು ಕೇಳಿದ್ದು ಬೇರೆಯೇ. "ಬೋಗಿಗುಡ್ಡೆಯನ್ನು ಈ ವರ್ಷ ಕೂಪಿಗೆ ಹಾಕಿದ್ದೀರಂತೆ. ಅದನ್ನು ಬಿಡ್ಲಿಕ್ಕೆ ಏನು ಮಾಡ್ಬೇಕು ಹೇಳಿ."

ಕೂಪು ಎಂದರೆ ಇಲಾಖೆ ಗಡಿ ಗುರುತಿಸಿ, ಹರಾಜು ಹಾಕಿ ಕಡಿಸುವ ಕಾಡಿನ ತುಂಡು. ಬೋಗಿಗುಡ್ಡೆ ದೊಡ್ಡದೇನಲ್ಲ. ಆದರೆ ಅದರ ತುಂಬ ಕಿರಾಲುಬೋಗಿ ಮರಗಳು. ಎಷ್ಟು ವರ್ಷ ನೀರಲ್ಲಿದ್ದರೂ ಕೊಳೆಯದ ಆ ಮರಕ್ಕೆ ದೋಣಿಯವರಿಂದ ಹಿಡಿದು ರೈಲ್ವೆಯವರ ತನಕ ಎಲ್ಲರ ಕಣ್ಣು. ಗುಡ್ಡದ ಬುಡದಲ್ಲಿ ಹುಟ್ಟುವ ತೋಡಿನ ನೀರಿನಲ್ಲೇ ಕೆಳಗಿನ ಊರಿನ ಎರಡನೇ ಬೆಳೆ ಆಗಬೇಕಿತ್ತು.

ಇಂಥ ಬುದ್ಧಿ ರೈಗಳಿಗೆ ಎಲ್ಲಿಂದ ಬಂತೆಂದು ನಿಧಾನಕ್ಕೆ ತಿಳಿಯಿತು. ಮೂಡಬಿದ್ರೆಯಲ್ಲಿ ಅವರಿಗೆ ಪಾಠ ಹೇಳಿದ ಇಂದ್ರ ಮಾಸ್ಟ್ರು ಮಕ್ಕಳನ್ನು ಹಳೆಯ ಮನೆಗಳ ಚಾವಡಿಗೆ ಕರೆದೊಯ್ದು, ತಬ್ಬಿದರೂ ಕೈಗೆ ಸಿಗದ ಮರದ ಕಂಬಗಳನ್ನು ತೋರಿಸಿ, "ಇಂಥ ಮರ ಈಗ ಎಲ್ಲುಂಟು? ಹುಡುಕಿ ಬಂದು ಹೇಳಿ" ಎನ್ನುತ್ತಿದ್ದರಂತೆ. ಮಕ್ಕಳು ಹುಡುಕಿದರೂ ಸಿಗುತ್ತಿರಲಿಲ್ಲ. ಎರಡನೆಯವರು ಪಾಣೆಮಂಗಳೂರಿನ ಮರದ ವ್ಯಾಪಾರಿ ಹಮ್ಮಬ್ಬ ಬ್ಯಾರಿಗಳು. ನೇತ್ರಾವತಿಯಲ್ಲಿ ಮರದ ತೆಪ್ಪ ಇಳಿಸುತ್ತಿದ್ದ ಅವರಿಗೆ ಹೊಳೆಯ ನಾಡಿ ಗೊತ್ತಿತ್ತು. "ಮೊದಲೆಲ್ಲ ಮಕರ ಸಂಕ್ರಾಂತಿವರೆಗೂ ತೆಪ್ಪ ಬರ್ತಿತ್ತು. ಈಗ ದೀಪಾವಳಿ ಕಳೆದ ಕೂಡಲೇ ತಳ ತಾಗ್ತದೆ. ಮೇಲಿನ ಕಾಡು ಹೋದ್ರೆ ನನ್ನ ಅಂಗಡಿಯೂ ಮುಚ್ಚಿದ ಹಾಗೇ" ಎಂದು ಅವರು ರೈಗಳ ತಲೆ ತಿನ್ನುತ್ತಿದ್ದರು.

ಎಲ್ಲರಿಗಿಂತ ದೊಡ್ಡ ಗುರು ಸೋದರಮಾವ ಮಹಾಲಿಂಗ ರೈಗಳು. ಅವರದ್ದು ಅಳಿಯಸಂತಾನದ ಕುಟುಂಬ. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ಮಾವ ಯಜಮಾನನಾಗಿ ನೋಡಿಕೊಳ್ಳುತ್ತಾನೆ, ಅವನ ನಂತರ ಅಳಿಯಂದಿರಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ; ಅವನ ಸ್ವಂತ ಮಕ್ಕಳಿಗಲ್ಲ. ತ್ಯಾಂಪಣ್ಣನ ಕೈಹಿಡಿದು ಗುಡ್ಡ ಹತ್ತಿಸಿ, ಮರದ ಹೆಸರು ಕಲಿಸಿ, ಸೊಪ್ಪು ಕಡಿಯುವಾಗ ಕುಡಿ ಮುಟ್ಟಬಾರದೆಂದು ಗದರಿಸಿದವರು ಈ ಮಾವ. ಅವರು ನಿಂತಲ್ಲಿ ಅಳಿಯ ಕೂರುತ್ತಿರಲಿಲ್ಲ, ಶಾಸಕನಾದ ಮೇಲೂ.

ಗುಡ್ಡ ಉಳಿಸಲು ನಾನು ಹೇಳಿದ ದಾರಿ ಒಂದೇ: ರಿಸರ್ವ್ ಫಾರೆಸ್ಟ್ ಎಂದು ಘೋಷಣೆ ಮಾಡಿಸುವುದು. ನಿಧಾನದ ಕೆಲಸ, ಆದರೆ ಗಟ್ಟಿ. ತ್ಯಾಂಪಣ್ಣ ರೈಗಳಿಗೆ ಅದು ಹಿಡಿಸಲಿಲ್ಲ. ಇಂದು ರಿಸರ್ವ್ ಎಂದ ಸರಕಾರ ನಾಳೆ ತಾನೇ ಕಡಿಸುತ್ತದೆ ಎಂದರು. ಅದನ್ನು ಸುಳ್ಳೆನ್ನಲು ನನಗೂ ಬಾಯಿ ಬರಲಿಲ್ಲ. ಅವರು ಹಿಡಿದದ್ದು ಕುಮ್ಕಿಯ ದಾರಿ. ನಮ್ಮ ಜಿಲ್ಲೆಯಲ್ಲಿ ಸಾಗುವಳಿ ಜಾಗಕ್ಕೆ ತಾಗಿದ ನೂರು ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ ಸವಲತ್ತು ಆ ಜಾಗದವರಿಗೆ ಉಂಟು. ಅದೇ ಕುಮ್ಕಿ. ಬೋಗಿಗುಡ್ಡೆಯ ಸುತ್ತಲೂ ಮಾವನ ಮನೆಯ ಗದ್ದೆಗಳೇ. ಇಡೀ ಗುಡ್ಡ ಕುಮ್ಕಿ ಎಂದಾದರೆ ಅದು ಇಲಾಖೆಯ ಕಾಡಲ್ಲ, ಕಂದಾಯದವರ ಜಾಗ, ಕೂಪಿಗೆ ಬರುವುದಿಲ್ಲ.

"ನಮ್ಮ ಮಾವನ ಕೈಯಲ್ಲಿದ್ದರೆ ಒಂದು ಗೆಲ್ಲನ್ನೂ ಯಾರೂ ಮುಟ್ಟುವುದಿಲ್ಲ ರೇಂಜರ್ರೇ." ಇಂದ್ರ ಮಾಸ್ಟ್ರೂ ತಲೆಯಾಡಿಸಿದರು. ಬ್ಯಾರಿಗಳು ಆ ಮರಕ್ಕೆ ತಾವು ಯಾವತ್ತೂ ಬೆಲೆ ಕಟ್ಟುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟರು. ಶಾಸಕರ ಮಾತಿಗೆ ಒಪ್ಪಿದ ನನ್ನ ಮೇಲಿನವರು ಹೇಳಿದ ಪ್ರಕಾರ ನಾನು ಅಳತೆ ಮಾಡಿಸಿ, ಇದು ಕುಮ್ಕಿ ಎಂದು ವರದಿ ಬರೆದೆ. ಕೂಪು ನಿಂತಿತು. ಆ ದಿನ ಮಹಾಲಿಂಗ ರೈಗಳು ನನಗೆ ಎಳನೀರು ಕೊಟ್ಟರು. ಎಲ್ಲರೂ ಖುಷಿಯಲ್ಲಿದ್ದೆವು.

ಆಮೇಲೆ ತ್ಯಾಂಪಣ್ಣ ರೈಗಳಿಗೆ ಧೈರ್ಯ ಬಂತು. ಬೆಂಗಳೂರಿನಲ್ಲಿ ಅಧಿವೇಶನವಾದಾಗಲೆಲ್ಲ ಎದ್ದುನಿಂತು ಘಟ್ಟದ ಬುಡದ ಕಾಡಿನ ಬಗ್ಗೆ ಪ್ರಶ್ನೆ ಕೇಳಿದರು. ಉಳಿಸಬೇಕಾದ ಇನ್ನಷ್ಟು ಗುಡ್ಡಗಳ ಹೆಸರು ನನ್ನಿಂದ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಕೆಲವು ಕೂಪುಗಳ ಹರಾಜು ಮುಂದಕ್ಕೂ ಹೋಯಿತು. ಇಡೀ ಜಿಲ್ಲೆಯಲ್ಲಿ ಕಾಡಿನ ಪರ ಮಾತಾಡಲು ನಮಗಿದ್ದದ್ದು ಅದೊಂದೇ ಬಾಯಿ.

ಮೂರನೇ ವರ್ಷ ತಾಲೂಕು ಕಚೇರಿಯಿಂದ ಒಂದು ದರ್ಖಾಸ್ತು, ಅಂದರೆ ಸರಕಾರಿ ಜಾಗ ಮಂಜೂರು ಮಾಡಿಕೊಡಿ ಎಂಬ ಅರ್ಜಿ, ನನ್ನ ಅಭಿಪ್ರಾಯಕ್ಕೆ ಬಂತು. ಬೋಗಿಗುಡ್ಡೆಯ ಮರ ತೆಗೆದು ಗೇರು ಹಾಕಲು. ಅರ್ಜಿದಾರರು ಮಹಾಲಿಂಗ ರೈಗಳು. ಬೇರೆ ಯಾರು ಅರ್ಜಿ ಹಾಕಿದ್ದರೂ ಕುಮ್ಕಿದಾರರು ಆಕ್ಷೇಪಣೆ ಹೇಳಬಹುದಿತ್ತು. ಇಲ್ಲಿ ಕುಮ್ಕಿದಾರರೇ ಅರ್ಜಿದಾರರು, ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತ್ತು. ನಾನು ಕೂಡದೆಂದು ಬರೆದೆ. "ಇದು ಕಾಡಲ್ಲವೆಂದು ನೀವೇ ವರದಿ ಕೊಟ್ಟಿದ್ದೀರಿ, ಈಗ ಕೂಡದೆನ್ನಲು ನೀವು ಯಾರು?" ಎಂದು ಉತ್ತರ ಬಂತು. ಸಿಟ್ಟಿನಲ್ಲಿ ಮೈ ಉರಿದುಹೋಯಿತು.

ಶಾಸಕರು ಬೇಡವೆಂದರೆ ತಹಶೀಲ್ದಾರರು ಮಂಜೂರು ಮಾಡುತ್ತಿರಲಿಲ್ಲ. ರೈಗಳನ್ನು ಕರೆದುಕೊಂಡು ಮಾವನ ಮನೆಗೆ ಹೋದೆ. ಅವರು ಚಾವಡಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಳಿಯ ಕಂಬಕ್ಕೊರಗಿ ನಿಂತ.

"ಮಾವ, ಗುಡ್ಡೆ ಬೇಡ. ನನ್ನ ಪಾಲಿನ ಗದ್ದೆ ನೀವು ತೆಗೊಳ್ಳಿ."

"ಕುಟುಂಬ ಪಾಲು ಮಾಡುವುದಾ? ನಾನು ಸತ್ತ ಮೇಲೆ ಮಾಡಿ." ಮುದುಕರು ಎಲೆ ಮಡಚಿ ತಟ್ಟೆಯಲ್ಲಿಟ್ಟರು. ಆಮೇಲೆ ತಲೆ ಎತ್ತದೆ ಹೇಳಿದರು: "ವಿಟ್ಲದಲ್ಲಿ ನನ್ನ ಹೆಂಡತಿಯ ಮನೆಯಲ್ಲಿ ನನ್ನ ಮಕ್ಕಳಿಗೆ ಏನೂ ಇಲ್ಲ ಅಂತ ನಿನಗೆ ಗೊತ್ತುಂಟು. ಐವತ್ತು ವರ್ಷ ಈ ಮನೆಗೆ ದುಡಿದೆ. ಇಲ್ಲಿಂದ ಒಂದು ಮುಡಿ ಅಕ್ಕಿ ನನ್ನ ಮಕ್ಕಳಿಗೆ ಕೊಡ್ಲಿಕ್ಕೆ ನನಗೆ ಹಕ್ಕಿಲ್ಲ. ಗದ್ದೆ ನಿನ್ನ ಅಮ್ಮನದ್ದು, ನಾಳೆ ನಿನ್ನದು. ಆ ಗುಡ್ಡೆ ಒಂದು ಮಾತ್ರ ಯಾರದ್ದೂ ಅಲ್ಲ. ಬೇಡ ಅಂತ ನೀನು ಹೇಳುದಾದ್ರೆ ಹೇಳು ಮಗಾ, ನಾನು ಬಿಡ್ತೇನೆ."

ಅಳಿಯ ಹೇಳಲಿಲ್ಲ. ಸಿಟ್ಟು ಮಾಡಲು ಹೋದವನು ನಾನು, ಆ ಮುದುಕರಿಗೆ ಕೈ ಮುಗಿದು ಅಂಗಳಕ್ಕಿಳಿದೆ.

ಕೊನೆಯ ಆಸೆಯೆಂದು ಇಬ್ಬರೂ ಮೂಡಬಿದ್ರೆಗೆ ಬಸ್ಸು ಹತ್ತಿದೆವು. ಇಂದ್ರ ಮಾಸ್ಟ್ರು ಎಲ್ಲ ಕೇಳಿಸಿಕೊಂಡರು. "ಮರ ಉಳಿಸು ಅಂತ ಕಲಿಸಿದವ ನಾನೇ. ಮಾವನ ಎದುರು ಬಾಯಿ ಎತ್ತು ಅಂತ ಹೇಗೆ ಕಲಿಸಲಿ?" ಎಂದರು. ತ್ಯಾಂಪಣ್ಣ ರೈಗಳು ತಹಶೀಲ್ದಾರರಿಗೆ ಮಂಜೂರು ಮಾಡಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ದರ್ಖಾಸ್ತು ಮಂಜೂರಾಯಿತು.

ಕಡಿಯುವ ಮೊದಲು ಮರಮರಕ್ಕೂ ಇಲಾಖೆಯ ಸುತ್ತಿಗೆಯ ಮುದ್ರೆ ಬೀಳಬೇಕು. ಆ ಕೆಲಸ ನನ್ನದು. ಬುಡದ ತೊಗಟೆ ಕೆತ್ತಿ ಹೊಡೆಯುತ್ತ ಹೋದೆ, ಕೈ ಸೋತರೂ ಗಾರ್ಡಿಗೆ ಕೊಡಲು ಮನಸ್ಸಾಗಲಿಲ್ಲ. ಬ್ಯಾರಿಗಳು ಕೊಟ್ಟ ಮಾತು ತಪ್ಪಲಿಲ್ಲ, ಮರಕ್ಕೆ ಬೆಲೆ ಕಟ್ಟಲು ಬರಲೇ ಇಲ್ಲ. ಮಂಗಳೂರಿನ ಮಿಲ್ಲಿನವರೊಬ್ಬರು ಕೊಂಡರು. ಮಳೆಗಾಲಕ್ಕೆ ಮುಂಚೆ ಗುಡ್ಡ ಬೋಳಾಯಿತು. ಮರುವರ್ಷ ತೋಡು ಬೇಗ ಬತ್ತಿತು, ಕೆಳಗಿನವರು ಎರಡನೇ ಬೆಳೆ ಬಿಟ್ಟರು. ಮಹಾಲಿಂಗ ರೈಗಳ ಮಕ್ಕಳಿಗೆ ಗೇರುಬೀಜ ಸಿಕ್ಕಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಬೋಗಿಗುಡ್ಡೆ ಒಂದೇ ಹೋಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ಅಧಿವೇಶನಕ್ಕೆ ಮುಂಚೆ ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ತ್ಯಾಂಪಣ್ಣ ರೈಗಳು ಸಿಕ್ಕಿದರು. ಉಳಿದ ಗುಡ್ಡಗಳ ಹರಾಜು ಹತ್ತಿರ ಬಂದಿದೆ, ಈ ಸಲ ಜೋರಾಗಿ ಕೇಳಬೇಕು ಎಂದೆ. ಅವರು ನನ್ನ ಮುಖ ನೋಡಲಿಲ್ಲ.

"ಸಭೆಯಲ್ಲಿ ಏಳುವ ಅಂತ ಹೊರಟರೆ ಕಾಲು ಬರುವುದಿಲ್ಲ ರೇಂಜರ್ರೇ. ಮೊದಲು ನಿನ್ನ ಮಾವನಿಗೆ ಹೇಳು ಅಂತ ಯಾರಾದ್ರೂ ಒಬ್ಬ ಅಂದರೆ?"

ಕಾಡನ್ನು ಕೆಟ್ಟವರಿಂದ ಕಾಯಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಒಳ್ಳೆಯವರ ಮಾತನ್ನು ನಂಬಿ ಅದನ್ನು ಕಾನೂನಿನ ಹೊರಗೆ ಇಡಬಾರದೆಂದು ಕಲಿಸಿದ್ದು ಈ ನೌಕರಿ. ಒಳ್ಳೆಯವರಿಗೂ ಮಕ್ಕಳಿರುತ್ತಾರೆ. ಆ ಅಧಿವೇಶನದಲ್ಲಿ ನಮ್ಮ ಗುಡ್ಡಗಳ ಬಗ್ಗೆ ಯಾರೂ ಏಳಲಿಲ್ಲ. ಮುಂದೂಡಿದ್ದ ಕೂಪುಗಳೆಲ್ಲ ಒಂದೊಂದಾಗಿ ಹರಾಜಾದವು, ಎಲ್ಲಕ್ಕೂ ಮುದ್ರೆ ಹೊಡೆದವನು ನಾನೇ.